ತಾಯಿ ಬುಡದ ಮಣ್ಣು

ಯಾರ ಮನೆಗೆ ಹೋದರೂ ಅವರು ಹೊಸ್ತಿಲ ಆಚೆಯೇ ಒಂದು ಗಳಿಗೆ ನಿಂತು ತಲೆಯೆತ್ತಿ ಮೇಲೆ ನೋಡುತ್ತಿದ್ದರು. ತೊಲೆ, ಜಂತೆ, ಬಾಗಿಲ ಮೇಲಿನ ಪಟ್ಟಿ ಎಲ್ಲದರ ಮೇಲೂ ಕಣ್ಣಾಡಿಸಿ, ಬೆರಳ ಗೆಣ್ಣಿನಿಂದ ಚೌಕಟ್ಟಿಗೆ ಎರಡು ಸಲ ಬಡಿದು, ಆ ಸದ್ದು ಕಿವಿಗೆ ಒಪ್ಪಿದ ಮೇಲೆಯೇ ಒಳಗೆ ಕಾಲಿಡುವುದು. ಸಿಂಧನೂರಿನ ನನ್ನ ಬಾಡಿಗೆ ಮನೆಗೆ ಮೊದಲ ಸಲ ಬಂದಾಗಲೂ ಹೀಗೇ ಮಾಡಿದರು. "ಯಾರ್ರಿ ಅದು, ಮನಿ ಖರೀದಿಗೆ ಬಂದಾರೇನು?" ಎಂದು ನನ್ನ ಹೆಂಡತಿ ಒಳಗಿನಿಂದ ಕೇಳಿದಳು. ಸಿಮೆಂಟಿನ ಮನೆ, ಬಡಿದು ನೋಡಲು ಕಟ್ಟಿಗೆ ಎಂದರೆ ಬಾಗಿಲ ಚೌಕಟ್ಟೊಂದೇ. ಅದನ್ನೇ ಬಡಿದು, "ಬೇವಿಂದು. ಹಸೀದಿದ್ದಾಗ ಕೊಯ್ದಾರ. ಇರಲಿ, ಬೀಳಂಗಿಲ್ಲ. ಒಳಗ ಬರ್ತೀನ್ರಿ ಸರ" ಅಂದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮನೆಯವರಿಗೆ ಓದುವುದು ಕಷ್ಟವಾದೀತು. ಮಸ್ಕಿಯಲ್ಲಿ ಅವರ ಓಣಿಯವರು ಅವರನ್ನು ಟಿಂಬರ್ ಮಾವ ಎನ್ನುತ್ತಿದ್ದರು. ಹಟ್ಟಿಯ ಚಿನ್ನದ ಗಣಿಯಲ್ಲಿ ಟಿಂಬರ್‌ಮನ್ ಆಗಿ ದುಡಿದು ನಿವೃತ್ತರಾದವರು. ನೆಲದಡಿಯ ಸುರಂಗದ ಮಾಳಿಗೆ ಕುಸಿಯದಂತೆ ದಿಮ್ಮಿಗಳನ್ನು ಅಳತೆಗೆ ಕೊಯ್ದು, ಕೆಳಗೆ ಒಯ್ದು, ಆಸರೆಯಾಗಿ ನಿಲ್ಲಿಸುವ ಕೆಲಸ ಅದು. ಚಿನ್ನ ಅಗೆಯುವವರು ಮುಂದೆ ಹೋಗುತ್ತಾರೆ, ಅವರ ತಲೆ ಕಾಯುವವರು ಹಿಂದಿನಿಂದ ಹೋಗುತ್ತಾರೆ. ಅಷ್ಟು ವರ್ಷ ದುಡಿದರೂ ತಾವು ಚಿನ್ನ ನೋಡಿದ್ದು ಹೆಂಡತಿಯ ಕೊರಳಲ್ಲಿ ಮಾತ್ರ ಎಂದು ನಗುತ್ತಿದ್ದರು.

ಕಬ್ಬಿಣದ ಆಸರೆಯನ್ನು ಅವರು ನಂಬುತ್ತಿರಲಿಲ್ಲ. "ಕಬ್ಬಿಣ ಹೇಳದಾ ಕೇಳದಾ ಬಗ್ಗಿಬಿಡತೈತ್ರಿ. ಕಟಿಗಿ ಹಂಗಲ್ಲ. ಮ್ಯಾಲಿನ ಭಾರ ತಡಿಯಾಕ ಆಗಂಗಿಲ್ಲ ಅಂದ್ರ ಮೊದಲ ನರಳತೈತಿ, ಕಟಕಟ ಅಂತೈತಿ. ಓಡ್ರಲೇ ಅಂತ ಹೇಳಿ, ಆಮ್ಯಾಲ ಮುರೀತೈತಿ. ಹೇಳಿ ಸಾಯೋದು ಕಟಿಗಿ ಒಂದಾ." ಈ ಮಾತನ್ನು ಹತ್ತಾರು ಸಲ ಕೇಳಿದ್ದೇನೆ. ಹಾಗೆ ಹೇಳುತ್ತಿದ್ದ ಮನುಷ್ಯ ತಾನು ಮಾತ್ರ ಮನಸ್ಸಿನ ಭಾರವನ್ನು ಯಾರಿಗೂ ಹೇಳದವರು ಎಂಬುದು ನನಗೆ ತಿಳಿದದ್ದು ತೀರಾ ತಡವಾಗಿ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವನು. ಸಿಂಧನೂರಿನಲ್ಲಿ ಸಸ್ಯಶಾಸ್ತ್ರ ಹೇಳುವುದೆಂದರೆ ಕಿಟಕಿಯಾಚೆ ಕಣ್ಣು ಹೋದಷ್ಟು ದೂರ ಭತ್ತ, ಕರಿಹಲಗೆಯ ಮೇಲೆ ಕಾಡು. ಆದ್ದರಿಂದ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಬಸ್ಸಿಗೆ ಹತ್ತಿಸಿ ಮಸ್ಕಿ ದಾಟಿ ಲಿಂಗಸುಗೂರು ಕಡೆಯ ಕಲ್ಲುಗುಡ್ಡಗಳಿಗೆ ಕರೆದೊಯ್ಯುತ್ತಿದ್ದೆ. ಅಲ್ಲಿ ತುಗ್ಗಲಿ, ಕಕ್ಕೆ, ಮುತ್ತುಗ, ಬಿಳಿಜಾಲಿ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಂಥ ಒಂದು ಗುಡ್ಡದ ನೆತ್ತಿಯ ಹತ್ತಿರ, ಬಂಡೆಯ ಸೀಳಿನಲ್ಲಿ, ಬೂದುಬಿಳುಪಿನ ನುಣುಪು ತೊಗಟೆಯ ದಿಂಡಲ ಮರವೊಂದಿತ್ತು. ನಮ್ಮ ಹುಡುಗರು ಒಣಗಿಸಿ ಅಂಟಿಸಲೆಂದು ಅದರ ಕೊಂಬೆಗೆ ಕೈ ಹಾಕಿದ್ದೇ ತಡ, ಕೆಳಗಿನಿಂದ ಒಂದು ದನಿ ಕೂಗಿತು.

"ಏ ತಮ್ಮಾ, ಮುರೀಬ್ಯಾಡ್ರೋ! ಇಡೀ ಗುಡ್ಡಕ್ಕ ಅದು ಒಂದಾ ಐತಿ!"

ಏದುಸಿರು ಬಿಡುತ್ತಾ ಟಿಂಬರ್ ಮಾವ ಹತ್ತಿ ಬಂದರು, ನಾನು ಅವರನ್ನು ಮೊದಲು ಕಂಡದ್ದು ಅಂದೇ. ಹೆಗಲ ಮೇಲೆ ನೀರಿನ ಕ್ಯಾನು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅಷ್ಟು ಎತ್ತರಕ್ಕೆ ನೀರು ಹೊತ್ತು ಆ ಮರದ ಬುಡಕ್ಕೆ ಹಾಕುತ್ತಿದ್ದರಂತೆ. ಅವರಪ್ಪನ ಕಾಲದಲ್ಲಿ ಬಂಡಿಯ ಅಚ್ಚಿಗೆ, ಕೊಡಲಿಯ ಕಾವಿಗೆ ದಿಂಡಲವನ್ನೇ ಕಡಿಯುತ್ತಿದ್ದರು. ಗಣಿಯಲ್ಲಿ ಅವರ ಸ್ವಂತ ಕೊಡಲಿಗಿದ್ದದ್ದೂ ಅದೇ ಗುಡ್ಡದ ದಿಂಡಲದ ಕಾವು. "ಕೆಲಸಕ್ಕ ಸೇರೋ ಮುಂದ ನಾನಾ ಕಡದಿದ್ದೆ. ಆಗ ಎಂಟ್ಹತ್ತು ಗಿಡ ಇದ್ವು. ರಿಟೈರಾಗಿ ಬಂದು ನೋಡತೀನಿ, ಇದು ಒಂದಾ. ಇದಕ್ಕ ಒಂದು ಮರಿ ಮಾಡಿ ಸಾಯಬೇಕ್ರಿ ಸರ" ಅಂದರು. ಅವರಿಗೆ ಉಳಿದಿದ್ದ ಆಸೆ ಅದೊಂದೇ. ಬೇರೇನನ್ನೂ ಅವರು ಬೇಡಿದ್ದು ನಾನು ಕೇಳಿಲ್ಲ.

ಅಂದು ಮರದ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಅವರೊಂದು ಪ್ರಶ್ನೆ ಕೇಳಿದರು.

"ಗಣಿಗೆ ಉತ್ತರದ ಕಡಿಂದ ಸಾಲ್ ದಿಮ್ಮಿ ಬರ್ತಿದ್ವು ಸರ. ಲಾರಿಗಟ್ಟಲೆ ಬರ್ಲಿ, ಎಲ್ಲಾ ಒಂದಾ ಜಾತಿ. ಅಲ್ಲಿ ಅಡವಿಗೆ ಅಡವೀನಾ ಅದಾ ಗಿಡ ಐತೆಂತ ಡ್ರೈವರ್ ಹೇಳತಿದ್ದ. ನಮ್ಮ ಗುಡ್ಡದಾಗ ನಾಕು ಹೆಜ್ಜಿಗೆ ಒಂದೊಂದು ಜಾತಿ. ಒಂದರ ಪಕ್ಕ ಅದರದಾ ಮರಿ ಇರಂಗಿಲ್ಲ. ಯಾಕ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಹುಡುಗರ ಮುಂದೆ ನಾಲಿಗೆ ಬರಲಿಲ್ಲ. "ಅಲ್ಲಿ ಮಳೆ ಹೆಚ್ಚು" ಎಂದುಬಿಟ್ಟೆ. ಅವರು ತಲೆಯಾಡಿಸಿ, "ಹೌದ್ರಿ, ಇರಬೇಕು" ಅಂದರು. ಓದಿದವರ ಮಾತಿಗೆ ಅವರು ಎದುರಾಡಿದ್ದನ್ನು ನಾನು ಕಾಣೆ. ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವರು, ನನ್ನೆದುರು ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಒತ್ತಾಯ ಮಾಡಿದರೆ ಹೊಸ್ತಿಲ ಮೇಲೆ ಕೂರುವರು. "ಇಲ್ಲಿ ಚೌಕಟ್ಟು ಐತ್ರಿ, ಏನಾರ ಬಿದ್ರೂ ಇಲ್ಲಿದ್ದಾಂವ ಬದುಕತಾನ" ಎಂದು ತಮಾಷೆ ಬೇರೆ.

ದಿಂಡಲದ ಬೀಜ ಮಹಾ ಮೋಸದ್ದು. ಅಂಗಿಯ ಗುಂಡಿಯಷ್ಟು ಚಿಕ್ಕ ಉಂಡೆಗಳಲ್ಲಿ ರಾಶಿಗಟ್ಟಲೆ ಬಿಡುತ್ತದೆ, ಒಡೆದು ನೋಡಿದರೆ ಹೆಚ್ಚಿನವು ಪೊಳ್ಳು. ಮೂರು ವರ್ಷ ಅವರು ಬಿತ್ತಿದ್ದೆಲ್ಲ ಹಾಳಾಯಿತು. ನಾಲ್ಕನೆಯ ವರ್ಷದ ಮುಂಗಾರಿನಲ್ಲಿ ಫೋನು ಬಂತು. 

"ಸರ, ಹದಿನಾರು ಎದ್ದಾವ್ರಿ! ಎರಡೆರಡು ಎಲಿ!"

ಮರುದಿನವೇ ಮಸ್ಕಿಗೆ ಹೋದೆ. ಹಿತ್ತಲ ಗೋಡೆಯ ನೆರಳಲ್ಲಿ ಎಣ್ಣೆಯ ಹಳೆಯ ತಗಡಿನ ಡಬ್ಬಿಗಳನ್ನು ತೊಳೆದು ಸಾಲಾಗಿ ಇಟ್ಟಿದ್ದರು. ಉಸುಕಿನ ಬುಟ್ಟಿಯಲ್ಲಿ ಹದಿನಾರು ಸಸಿಗಳು. ಅವುಗಳನ್ನು ಡಬ್ಬಿಗೆ ಬದಲಿಸಬೇಕು. ಯಾವ ಮಣ್ಣು ಎಂಬುದೇ ಪ್ರಶ್ನೆ. ಅವರು ಆಗಲೇ ಹುಣಸೆ ಮರದ ಬುಡದಿಂದ ಒಂದು ಚೀಲ ಮಣ್ಣು ತಂದಿಟ್ಟಿದ್ದರು.

ಆಗ ನಾನು ಬಾಯಿ ತೆರೆದೆ.

ನಾನು ಓದಿದ, ಓದಿಸುವ ಪುಸ್ತಕದಲ್ಲಿ ಒಂದು ಪಾಠವಿದೆ. ಮರದ ಬೇರಿಗೂ ಒಂದು ಜಾತಿಯ ಶಿಲೀಂಧ್ರಕ್ಕೂ ಇರುವ ನಂಟಿನ ಪಾಠ, ಮೈಕೊರೈಜಾ ಎಂದು ಅದರ ಹೆಸರು. ಕೂದಲಿಗಿಂತ ತೆಳುವಾದ ಆ ಎಳೆಗಳು ಮಣ್ಣಿನಿಂದ ಸಾರ ತಂದು ಬೇರಿಗೆ ಕೊಡುತ್ತವೆ, ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಪೈನ್ ಸಸಿಗಳು ಹೊಸ ಮಣ್ಣಿನಲ್ಲಿ ಏಳದಿದ್ದಾಗ ಹಳೆಯ ಪೈನ್ ಮರದ ಬುಡದ ಮಣ್ಣು ಬೆರೆಸಿದರೆ ಪುಟಿದೆದ್ದವು ಎಂದು ಅಲ್ಲಿ ಬರೆದಿದೆ. ಐದು ಅಂಕದ ಪ್ರಶ್ನೆ ಅದು, ಪರೀಕ್ಷೆಯಲ್ಲಿ ತಪ್ಪದೆ ಬರುತ್ತದೆ. ಅದನ್ನೇ ಅವರಿಗೆ ರಸವತ್ತಾಗಿ ಹೇಳಿದೆ. ಗಣಿಯ ಕತ್ತಲಲ್ಲಿ ದಿಮ್ಮಿಗಳ ಮೇಲೆ ಹತ್ತಿಯಂತೆ ಬೆಳೆಯುವ ಬೂಷ್ಟನ್ನು ಜೀವಮಾನವಿಡೀ ನೋಡಿದವರು ಅವರು. ಅದು ಕಟ್ಟಿಗೆ ತಿನ್ನುವ ಬೂಷ್ಟು. ಮರ ಸಾಕುವ ಬೂಷ್ಟೂ ಇದೆ ಎಂದಾಗ ಅವರ ಕಣ್ಣರಳಿತು.

"ಹುಣಸೆ ಮಣ್ಣು ಬೇಡ. ತಾಯಿ ಬುಡದ ಮಣ್ಣೇ ಬೇಕು" ಎಂದೆ.

ಅವರು ಹುಣಸೆ ಮಣ್ಣಿನ ಚೀಲವನ್ನೊಮ್ಮೆ ಮುಟ್ಟಿ ನೋಡಿದರು. ಆಮೇಲೆ ಅಳುಕುತ್ತಲೇ ಹೇಳಿದರು: "ನಮ್ಮಪ್ಪ ತೊಗರಿ ಮ್ಯಾಲ ತೊಗರಿ ಹಾಕತಿರಲಿಲ್ರಿ ಸರ. ಹೊಲ ಬದಲಿ ಮಾಡತಿದ್ದ. ಅದಾ ಮಣ್ಣಾಗ ಮತ್ತ ಅದಾ ಬೀಜ ಬಿದ್ರ ನೆಟೆ ರೋಗ ಹತ್ತತೈತಿ, ನಿಂತಲ್ಲೇ ಒಣಗತೈತಿ."

"ಅದು ಬೆಳೆ. ಇದು ಕಾಡಿನ ಮರ. ಎರಡಕ್ಕೂ ಗಂಟು ಹಾಕಬೇಡಿ."

ಈ ಮೂರು ವಾಕ್ಯಗಳನ್ನು ನನ್ನ ಬಾಯಿಂದ ಯಾರಾದರೂ ವಾಪಸು ತೆಗೆಯುವಂತಿದ್ದರೆ ಏನು ಬೇಕಾದರೂ ಕೊಟ್ಟೇನು. ಅವರು ಹುಣಸೆ ಮಣ್ಣಿನ ಚೀಲವನ್ನು ಬಚ್ಚಲ ಹಿಂದಕ್ಕೆ ಸರಿಸಿದರು. ಇಬ್ಬರೂ ಗುಡ್ಡ ಹತ್ತಿದೆವು. ಬಂಡೆಯ ಸೀಳಿನಲ್ಲಿ ಮಣ್ಣು ಇದ್ದದ್ದೇ ಅಷ್ಟಿಷ್ಟು. ಎಷ್ಟೋ ವರ್ಷ ತನ್ನ ಎಲೆಯನ್ನೇ ಉದುರಿಸಿ ಕೊಳೆಸಿ ಆ ಮರ ಮಾಡಿಕೊಂಡಿದ್ದ ಮಣ್ಣು. ಅದನ್ನು ಕೆರೆದು ಎರಡು ಚೀಲ ತುಂಬಿದೆವು. ಬೇರು ಹೊರಗೆ ಕಂಡಿತು. "ಗಿಡಕ್ಕೇನೂ ಆಗಂಗಿಲ್ಲಲ್ರೀ?" ಎಂದು ಕೇಳಿದರು. "ಎರಡು ಚೀಲಕ್ಕೆ ಏನಾಗುತ್ತದೆ?" ಎಂದೆ. ಇಳಿಯುವ ಮೊದಲು ಅವರು ಮರಕ್ಕೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿದರು. ಸದ್ದು ಚೆನ್ನಾಗಿತ್ತೆಂದು ಕಾಣುತ್ತದೆ, ಚೀಲ ಹೆಗಲಿಗೇರಿಸಿದರು.

ಸಸಿಗಳು ಒಂದೊಂದಾಗಿ ಬಿದ್ದವು. ಬುಡದಲ್ಲಿ ಕಪ್ಪಗಾಗಿ, ನೀರಿನಲ್ಲಿ ನೆನೆದಂತೆ ಮೆತ್ತಗಾಗಿ, ಬಾಗಿ ಮಲಗುತ್ತಿದ್ದವು. ಅವರು ಪ್ರತಿಯೊಂದಕ್ಕೂ ಫೋನು ಮಾಡುತ್ತಿದ್ದರು. "ಸರ, ಇವತ್ತೊಂದು ಹೋತ್ರಿ." ಅಷ್ಟೇ. ಯಾಕೆ ಎಂದು ಕೇಳುತ್ತಿರಲಿಲ್ಲ, ಆಕ್ಷೇಪಣೆಯ ಒಂದು ಎಳೆಯೂ ದನಿಯಲ್ಲಿರಲಿಲ್ಲ. ನೀರು ಕಮ್ಮಿ ಮಾಡಿ, ಬಿಸಿಲಿಗಿಡಿ ಎಂದು ನಾನು ನನಗೆ ತೋಚಿದ್ದನ್ನು ಹೇಳುತ್ತಿದ್ದೆ. ದಸರೆಯ ಹೊತ್ತಿಗೆ ಕೊನೆಯ ಫೋನು ಬಂತು. "ಎಲ್ಲಾ ಮುಗದ್ವು ಸರ. ನೀವು ಮನಸಿಗಿ ಹಚ್ಚಿಕೋಬ್ಯಾಡ್ರಿ."

ಮುಂದಿನ ಮುಂಗಾರಿನಲ್ಲಿ ಗುಡ್ಡವೆಲ್ಲ ಚಿಗುರಿದರೂ ಆ ದಿಂಡಲ ಚಿಗುರಲಿಲ್ಲ. ಬಿಸಿಲು ಆ ವರ್ಷ ಹೆಚ್ಚಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ವಯಸ್ಸಾಗಿತ್ತು ಎಂದೂ ಹೇಳಿಕೊಂಡೆ. ಮಣ್ಣು ಕೆರೆದ ಕಡೆ ಬೇರುಗಳು ಸುಟ್ಟ ಹಗ್ಗದಂತೆ ಬಂಡೆಗೆ ಅಂಟಿದ್ದವು. ಅವರು ಮರ ಬಡಿದು ನೋಡಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ನಿಂತರು. "ಇದು ಹೇಳಲಿಲ್ರಿ ಸರ" ಎಂದಷ್ಟೇ ಅಂದರು. 

ಆ ವರ್ಷದ ಚಳಿಗಾಲದಲ್ಲಿ ನಮ್ಮಂಥ ಮೇಷ್ಟ್ರುಗಳಿಗಾಗಿ ಒಂದು ತರಬೇತಿ ಇತ್ತು. ಮೂರನೆಯ ದಿನ ಮಧ್ಯಾಹ್ನ, ಊಟದ ನಿದ್ದೆಗಣ್ಣಿನಲ್ಲಿದ್ದಾಗ, ಪಾಠ ಹೇಳಲು ಬಂದಿದ್ದವರೊಬ್ಬರು ಗೋಡೆಯ ಮೇಲೆ ಭೂಮಿಯ ನಕಾಶೆ ತೋರಿಸಿ, ಭೂಮಧ್ಯರೇಖೆಯ ಹತ್ತಿರದ ಕಾಡಿನಲ್ಲಿ ಯಾಕೆ ಬಗೆಬಗೆಯ ಮರ, ಉತ್ತರಕ್ಕೆ ಹೋದಂತೆ ಯಾಕೆ ಒಂದೆರಡೇ ಬಗೆ ಎಂದು ಹೇಳತೊಡಗಿದರು. ನನ್ನ ನಿದ್ದೆ ಹಾರಿತು. ಟಿಂಬರ್ ಮಾವ ಕೇಳಿದ್ದ ಅದೇ ಪ್ರಶ್ನೆ. ಉತ್ತರ ಕೇಳುತ್ತಾ ಹೋದಂತೆ ಅವರ ಹಿತ್ತಲ ಡಬ್ಬಿಗಳ ಸಾಲು ಕಣ್ಣೆದುರು ಬಂತು.

ತರಬೇತಿ ಮುಗಿಸಿ ಬಂದ ವಾರವೇ ಮಸ್ಕಿಗೆ ಹೋದೆ. ಎಲ್ಲವನ್ನೂ ಹೇಳಿ ಕಾಲಿಗೆ ಬೀಳುವುದೆಂದು ಬಸ್ಸಿನಲ್ಲಿ ನಿರ್ಧರಿಸಿದ್ದೆ. ಅವರು ಹಿತ್ತಲಲ್ಲಿ ಚಹಾ ಕೊಡಿಸಿ, ಎಂದಿನಂತೆ ಹೊಸ್ತಿಲ ಮೇಲೆ ಕುಳಿತು, "ಏನರ ಹೊಸಾದು ಕಲತು ಬಂದ್ರೇನ್ರಿ ಸರ?" ಎಂದು ಕೇಳಿದರು.

"ನಿಮ್ಮ ಸಾಲ್ ಮರದ ಪ್ರಶ್ನೆಗೆ ಉತ್ತರ ಸಿಕ್ಕಿತು" ಎಂದೆ. "ಬೇರಿನ ಬೂಷ್ಟಿನಲ್ಲಿ ಎರಡು ಬಗೆ. ಒಂದು, ಬೇರಿನ ತುದಿಗೆ ಅಂಗಿ ತೊಡಿಸಿದ ಹಾಗೆ ಸುತ್ತಿಕೊಳ್ಳುತ್ತದೆ. ಬೇರು ಕೊಳೆಸುವ ರೋಗ ಒಳಗೆ ಬರದಂತೆ ತಡೆಯುತ್ತದೆ. ಉತ್ತರದ ಚಳಿ ದೇಶಗಳ ಪೈನ್, ಓಕ್ ಎಲ್ಲ ಆ ಬಗೆಯವು. ಅಲ್ಲಿ ತಾಯಿಯ ಬುಡದಲ್ಲೇ ಮಕ್ಕಳು ಏಳುತ್ತವೆ, ಅದಕ್ಕೇ ಕಾಡಿಗೆ ಕಾಡೇ ಒಂದು ಜಾತಿ. ಸಾಲ್ ನಮ್ಮ ದೇಶದ್ದಾದರೂ ಅದೇ ಬಗೆ."

"ಇನ್ನೊಂದು ಬಗೀರಿ?"

"ಅದು ಬೇರಿನ ಒಳಗೇ ಸೇರಿಕೊಳ್ಳುತ್ತದೆ. ಉಣಿಸುತ್ತದೆ, ಆದರೆ ಅಷ್ಟು ಕಾಯುವುದಿಲ್ಲ. ಬಿಸಿಲು ದೇಶದ ಮರಗಳು ಹೆಚ್ಚಿನವು ಆ ಬಗೆ. ಒಂದು ಮರ ಬಹಳ ಕಾಲ ನಿಂತಲ್ಲಿ ಅದರದೇ ರೋಗ ಮಣ್ಣಿನಲ್ಲಿ ಕೂಡಿರುತ್ತದೆ. ದೊಡ್ಡ ಮರ ತಡೆದುಕೊಳ್ಳುತ್ತದೆ, ಎಳೆಯವಕ್ಕೆ ಆಗುವುದಿಲ್ಲ. ಆ ಜಾಗ ಬೇರೆ ಜಾತಿಯ ಪಾಲಾಗುತ್ತದೆ. ಅದಕ್ಕೇ ನಮ್ಮಲ್ಲಿ ನಾಲ್ಕು ಹೆಜ್ಜೆಗೆ ಒಂದು ಜಾತಿ."

ಅವರು ಚಹಾದ ಲೋಟವನ್ನು ಕೆಳಗಿಟ್ಟರು. "ಹಂಗಾದ್ರ ನಮ್ಮ ದಿಂಡಲ?"

ದಿಂಡಲ ಎರಡನೆಯ ಬಗೆ ಎಂದು ನನಗೆ ಗೊತ್ತಿತ್ತು. ಚಳಿ ದೇಶದ ಪಾಠವನ್ನು ಮಸ್ಕಿಯ ಗುಡ್ಡಕ್ಕೆ ತಂದು, ಅವರಪ್ಪನ ತೊಗರಿಯ ವಿವೇಕವನ್ನು ತಳ್ಳಿಹಾಕಿ, ಅವರ ಮಕ್ಕಳಂಥ ಸಸಿಗಳಿಗೆ ನಾನೇ ವಿಷ ಕೊಡಿಸಿದ್ದೆ ಎಂದು ಗೊತ್ತಿತ್ತು. "ಅದರ ಬಗ್ಗೆ ಇನ್ನೂ ಸರಿಯಾಗಿ ತಿಳಿದಿಲ್ಲವಂತೆ" ಎಂದೆ.

ಅವರು ಬಚ್ಚಲ ಕಡೆ ಒಮ್ಮೆ ನೋಡಿದರು. ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, "ಇರಲಿ ಬಿಡ್ರಿ ಸರ. ಚಹಾ ಆರತೈತಿ" ಅಂದರು. ನಾನು ಹೇಡಿ. ಅವರೂ ಏನನ್ನೋ ಬಚ್ಚಿಟ್ಟಿದ್ದಾರೆಂದು ಅಂದು ನನಗೆ ಅನುಮಾನವೇ ಬರಲಿಲ್ಲ.

ಮತ್ತೊಂದು ಮಳೆಗಾಲ ಕಳೆದು, ಈ ಏಪ್ರಿಲ್‌ನಲ್ಲಿ ಅವರು ಹೋದರು. ಗಣಿಯ ಧೂಳು ಎದೆಯಲ್ಲಿ ಕೂತಿತ್ತು, ಎರಡು ದಿನದ ಉಬ್ಬಸ. ನಾನು ಮೊದಲ ಬಸ್ಸಿಗೇ ಹೊರಟು ಮಣ್ಣಿಗೆ ಹೋದೆ. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ, ಹಣೆತುಂಬ ವಿಭೂತಿ ಹಚ್ಚಿ ಕೂರಿಸಿದ್ದರು. ಮೊದಲ ಸಲ ಅವರು ನನ್ನೆದುರು ಕುರ್ಚಿಯ ಮೇಲೆ ಕುಳಿತಿದ್ದರು. ಹೊಸ್ತಿಲು ದಾಟುವಾಗ ನನಗರಿವಿಲ್ಲದೆ ತಲೆಯೆತ್ತಿ ಮೇಲೆ ನೋಡಿದೆ.

ಸುಮ್ಮನೆ ನಿಲ್ಲಲು ಆಗಲಿಲ್ಲ. ಏನಾದರೂ ಕೆಲಸ ಕೊಡಿ ಎಂದು ಅವರ ಅಳಿಯನನ್ನು ಕೇಳಿದೆ. ಬಂದವರ ಕೈಕಾಲಿಗೆ ನೀರು ತುಂಬಿಡಲು ಡಬ್ಬಿ ಸಾಲುತ್ತಿಲ್ಲ ಎಂದ. ಹಿತ್ತಲಿಗೆ ಹೋದೆ. ಗೋಡೆಯ ಪಕ್ಕ ಅದೇ ಎಣ್ಣೆ ಡಬ್ಬಿಗಳ ಸಾಲು. ಅವುಗಳಲ್ಲಿ ಏನೂ ಇಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಒಂದೊಂದನ್ನೇ ಬೋರಲು ಹಾಕಿ ಮಣ್ಣು ಸುರಿದೆ. ಒಂದು ಡಬ್ಬಿಗೆ ಸುಣ್ಣದ ಗೀಟು ಎಳೆದಿತ್ತು. ಅದರಲ್ಲಿ ಮೊಣಕಾಲುದ್ದದ, ಎಲೆಯಿಲ್ಲದ ಬೂದು ಕಡ್ಡಿಯೊಂದು ನಿಂತಿತ್ತು. ಎಂಥದೋ ಕಸದ ಗಿಡ ಎದ್ದು ಒಣಗಿದೆ ಅಂದುಕೊಂಡೆ. ಬೇರು ಗಟ್ಟಿಯಾಗಿ ಹಿಡಿದಿತ್ತು, ಎರಡು ಸಲ ಎಳೆಯಬೇಕಾಯಿತು. ಅವರ ಮೈತೊಳೆಯಲು ನೀರು ಕಾಯಿಸಿದ್ದ ಒಲೆ ಪಕ್ಕದಲ್ಲೇ ಉರಿಯುತ್ತಿತ್ತು. ಬಂದವರಿಗೆ ಚಹಾಕ್ಕೆಂದು ಅದರ ಮೇಲೆ ಈಗ ಬೇರೆ ಪಾತ್ರೆ ಕೂತಿತ್ತು. ಕಡ್ಡಿಯನ್ನು ಮುರಿದು ಉಳಿದ ಸೌದೆಯ ಜೊತೆ ಇಟ್ಟೆ. ಸ್ವಲ್ಪ ಹೊತ್ತಿಗೆ ಒಬ್ಬ ಹೆಣ್ಣುಮಗಳು ಕಣ್ಣೊರೆಸಿಕೊಳ್ಳುತ್ತಾ, "ಯಾರ್ರೀ ಹಸಿ ಕಟಿಗಿ ಇಟ್ಟವರು? ಬರೇ ಹೊಗಿ ಬರಾಕತ್ತೈತಿ" ಎಂದು ಗೊಣಗಿದಳು. ಅದೂ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಶಿವಗಣಾರಾಧನೆಯ ದಿನ ಊಟ ಮುಗಿಸಿ ಹಿತ್ತಲಲ್ಲಿ ಕೈತೊಳೆಯುತ್ತಿದ್ದೆ. ಅವರ ಹೆಂಡತಿ ತಂಬಿಗೆಯಲ್ಲಿ ನೀರು ಹಿಡಿದು ಗೋಡೆಯ ಬುಡದಲ್ಲಿ ಏನನ್ನೋ ಹುಡುಕುತ್ತಿದ್ದರು.

"ಸರ, ಇಲ್ಲೊಂದು ಸುಣ್ಣದ ಗೀಟಿನ ಡಬ್ಬಿ ಇತ್ತು, ನೋಡಿರೇನ್ರಿ? ಈ ಗದ್ದಲದಾಗ ನನಗೂ ನೆನಪು ಹಾರಿತ್ತು, ಎಷ್ಟು ದಿನಾತೋ ನೀರು ಹಾಕಿ. ನಿಮಗ ಹೇಳಬಾರದು ಅಂತ ಅವರು ಆಣಿ ಹಾಕಿಸಿದ್ರು. ಇನ್ನ ಅವರಾ ಇಲ್ಲ, ಹೇಳತೀನಿ. ಆ ಹದಿನಾರರಾಗ ಒಂದು ಬದುಕೇತ್ರಿ. ಉಳಿದ್ವೆಲ್ಲಾ ಹೋದ ಮ್ಯಾಲ ಕಡೀದನ್ನ ಕಿತ್ತು, ಬೇರು ತೊಳದು, ಬಚ್ಚಲ ಹಿಂದಿನ ಹುಣಸಿ ಮಣ್ಣಾಗ ಇಟ್ರು. ಎರಡು ಮಳಿಗಾಲ ಬಚ್ಚಲ ಹಿಂದಾ ಬೆಳೀತು. ಬ್ಯಾಸಗಿಗೆ ಎಲಿ ಉದುರಿದ ಮ್ಯಾಲ ನೆರಳಿಗಂತ ಈ ಕಡಿ ತಂದಿಟ್ಟಿದ್ರು."

"ನನಗ್ಯಾಕೆ ಹೇಳಲಿಲ್ಲ ಅವ್ವಾರ?" 

"ಸರ ಹೇಳಿದ ಮಣ್ಣಾಗ ಸತ್ತು, ನನ್ನ ಮಣ್ಣಾಗ ಬದುಕೇತಿ ಅಂದ್ರ ಅವರ ಮನಸು ನೊಂದೀತು ಅಂತಿದ್ರು. ಇನ್ನೊಂದೀಟು ದೊಡ್ಡದಾಗಲಿ, ಗುಡ್ಡದಾಗ ಹಚ್ಚಿ ಬರೋಣು, ತಾನಾ ಎದ್ದೈತಿ ಅಂತ ತೋರಸ್ತೀನಿ ಅಂತಿದ್ರು."

ಆಗ ನಾನು ಹೇಳಿಬಿಟ್ಟೆ. ಡಬ್ಬಿ ಬೋರಲು ಹಾಕಿದ್ದು, ಕಡ್ಡಿ ಎಳೆದದ್ದು, ಮುರಿದದ್ದು, ಒಲೆಯ ಬಳಿ ಇಟ್ಟದ್ದು, ತಾಯಿ ಮಣ್ಣಿನ ಮಾತು ತಪ್ಪೆಂದು ತಿಳಿದೂ ಅವರಿಗೆ ಹೇಳದೆ ಎದ್ದು ಬಂದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಅವರಿಗೆ ಹೇಳಬೇಕಾಗಿದ್ದುದನ್ನೆಲ್ಲ ಈಕೆಗೆ ಹೇಳಿ ಹಗುರಾಗಲು ಹೊರಟಿದ್ದೆನೇನೋ. ಸಸ್ಯಶಾಸ್ತ್ರದ ಮೇಷ್ಟ್ರಾಗಿ ಎಲೆಯಿಲ್ಲದ ದಿಂಡಲವನ್ನು ಗುರುತಿಸಲಿಲ್ಲ ಎನ್ನುವಾಗ ಅಳು ಬಂತು.

ಆಕೆ ಅಳಲಿಲ್ಲ. ಸೆರಗಿನಿಂದ ತಂಬಿಗೆಯ ಅಂಚು ಒರೆಸುತ್ತಾ ನಿಂತರು.

"ಅವರು ಇಷ್ಟು ದಿನ ನಿಮಗ ಹೇಳಲಿಲ್ರಿ ಸರ, ನೋವು ಆಗತೈತಂತ" ಅಂದರು. "ಆ ಡಬ್ಬಿ ಯಾರೋ ಒಯ್ದಾರ, ಎಲ್ಲೋ ಒಂದು ಕಡಿ ಐತಿ ಅಂತ ನಾನೂ ಇರತಿದ್ದೆ. ನನಗ್ಯಾಕ ಹೇಳಿದ್ರಿ?"

ತಂಬಿಗೆಯ ನೀರನ್ನು ಅವರು ಅಲ್ಲಿ ಚೆಲ್ಲಲಿಲ್ಲ. ಹಾಗೇ ಹಿಡಿದುಕೊಂಡು ಒಳಗೆ ಹೋದರು.